ಹಿತ್ತಿಲ ಬಾಗಿಲು

ಹೋದ ಸಂಕ್ರಾಂತಿಗೆ ನಾನು ನಾಗಮಂಗಲದಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆನು. ಅಲ್ಲಿ ನಡೆದ ಒಂದು ಸಣ್ಣ ಪ್ರಸಂಗವು, ಶ್ರೀರಂಗಪಟ್ಟಣಕ್ಕೆ ಹಿಂದಿರುಗಿದ ಮೇಲೂ ನನ್ನ ಮನಸ್ಸನ್ನು ಬಿಡಲಿಲ್ಲ. ಅದು ಕೇವಲ ಗೃಹಕೃತ್ಯಕ್ಕೆ ಸಂಬಂಧಪಟ್ಟುದು. ಆದರೆ ಅದರೊಳಗೆ ಅಡಗಿದ್ದ ಪ್ರಶ್ನೆಯು ಯುಕ್ತಾಯುಕ್ತ ವಿವೇಚನೆಗೆ ಸೇರಿದುದೆಂದು ತೋರಿದುದರಿಂದ, ವಾಚಕರ ಮುಂದಿಡುವ ಧೈರ್ಯಮಾಡಿದ್ದೇನೆ.

ನಮ್ಮ ಭಾವನವರು ಗಮಕಿಗಳು. ಸಭೆಗಳಲ್ಲಿ ಓದಿ ಶಾಲು ಹೊದಿಸಿಕೊಂಡವರಲ್ಲ; ಸಂಜೆಯ ಹೊತ್ತು ನಡುಮನೆಯಲ್ಲಿ ಕುಳಿತು ಕುಮಾರವ್ಯಾಸನನ್ನು ತಮ್ಮ ಸಂತೋಷಕ್ಕೆ ಓದಿಕೊಳ್ಳುತ್ತಿದ್ದವರು. ಅವರು ತೀರಿಕೊಳ್ಳುವುದಕ್ಕೆ ಮುಂಚಿನ ವರ್ಷ ಮೊಮ್ಮಗನು ಆ ವಾಚನವನ್ನು ಕೆಲವು ಗಂಟೆಗಳಷ್ಟು ಧ್ವನಿಮುದ್ರಣ ಮಾಡಿ ಮನೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದನು. ಅಕ್ಕನಿಗೆ ಈಗ ಎಪ್ಪತ್ತೆಂಟು ವರ್ಷ. ಮಂಡಿನೋವಿನ ಕಾರಣದಿಂದ ಅಟ್ಟದ ಕೋಣೆಯಲ್ಲಿರುವ ಕಂಪ್ಯೂಟರಿನ ಬಳಿಗೆ ಹೋಗಲಾರಳು. ಆ ಧ್ವನಿಯು ನಡುಮನೆಯ ಟಿ.ವಿ.ಯಲ್ಲಿ ಕೇಳಿಬರುವಂತೆ ಮಾಡಿಕೊಡಬೇಕೆಂದು, ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ಆ ಮೊಮ್ಮಗನನ್ನೇ ಕೇಳಿಕೊಂಡಳು.

ಇಲ್ಲಿ ಒಂದು ತೊಡಕು ಎದುರಾಯಿತು. ಟಿ.ವಿ.ಯ ಬೆನ್ನಿಗೆ ಸಿಕ್ಕಿಸಿರುವ ಬೆರಳುದ್ದದ ಸ್ಟಿಕ್ಕಿಗೆ ಅದನ್ನು ಮಾರಿದ ಕಂಪನಿಯವರದೇ ಒಂದು ಅಂಗಡಿಯುಂಟು. ನಮಗೆ ಬೇಕಾದ ಆ್ಯಪ್‌ಗಳು ಆ ಅಂಗಡಿಯ ಮೂಲಕ ಬರುವುದು ಸಾಮಾನ್ಯ ಕ್ರಮ. ಈ ಕೆಲಸಕ್ಕೆ ಹುಡುಗನು ಆರಿಸಿಟ್ಟಿದ್ದ ಆ್ಯಪು ಯಾರೋ ಒಬ್ಬನೇ ಮನುಷ್ಯನು ಬಿಡುವಿನ ವೇಳೆಯಲ್ಲಿ ಬರೆದು ಧರ್ಮಾರ್ಥವಾಗಿ ಹಂಚುತ್ತಿರುವುದು. ಅದು ಅಂಗಡಿಯಲ್ಲಿ ಇರಲಿಲ್ಲ.

“ಹಾಗಾದರೆ ಸೈಡ್‌ಲೋಡ್ ಮಾಡಬೇಕು, ಅಜ್ಜಿ” ಎಂದನು ಹುಡುಗ.

“ಹಾಗೆಂದರೇನಪ್ಪಾ?”

“ಅಂಗಡಿಯಿಂದ ಅಲ್ಲದೆ, ನಾವೇ ಬೇರೆ ಕಡೆಯಿಂದ ತಂದು ಇದರೊಳಗೆ ಹಾಕಿಕೊಳ್ಳುವುದು.”

“ಹಿತ್ತಿಲ ಬಾಗಿಲಿಂದ ತರೋದು ಅನ್ನು” ಎಂದಳು ಅಕ್ಕ. ಸ್ವಲ್ಪ ತಡೆದು, “ತರಬಹುದೇನೋ? ಯಾರಿಗೂ ಅನ್ಯಾಯವಾಗೋಲ್ಲವಷ್ಟೆ?” ಎಂದು ಕೇಳಿದಳು.

ಹುಡುಗನು ನಕ್ಕನು. ನನಗೆ ನಗು ಬರಲಿಲ್ಲ. ಅಕ್ಕ ಒಂದೇ ಉಸಿರಿನಲ್ಲಿ ಕೇಳಿದುದು ಎರಡು ಪ್ರಶ್ನೆಗಳನ್ನು. ತರುವುದಕ್ಕೆ ನಮಗೆ ಹಕ್ಕಿದೆಯೆ ಎಂಬುದು ಒಂದು. ತಂದರೆ ಅದರ ಫಲವನ್ನು ಯಾರು ಉಣ್ಣುವರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಹೇಳುವುದು ಸುಲಭ. ಎರಡನೆಯದನ್ನು ಜನರು ಕೇಳಿಕೊಳ್ಳುವುದೇ ಇಲ್ಲ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಹಿತ್ತಿಲ ಬಾಗಿಲೆಂಬುದು ಅಪಮಾನದ ಮಾತಲ್ಲ. ತಲೆಬಾಗಿಲಿನಲ್ಲಿ ನೆಂಟರು ಬರುತ್ತಿದ್ದರು, ಶಾನುಭೋಗರು ಬರುತ್ತಿದ್ದರು. ಹಿತ್ತಿಲ ಬಾಗಿಲಿನಲ್ಲಿ ಕರಿಬೇವು, ನುಗ್ಗೆಕಾಯಿ, ಪಕ್ಕದ ಮನೆಯವರು ಕೊಟ್ಟ ಮಜ್ಜಿಗೆ, ಬಾಣಂತಿಗೆ ಬೇಕಾದ ಬೇರು ನಾರು ಒಳಗೆ ಬರುತ್ತಿದ್ದುವು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಆಡುತ್ತಲೇ ನಮ್ಮ ಹಿರಿಯರು ಮನೆಮದ್ದಿನ ಬಹುಭಾಗವನ್ನು ಅಲ್ಲಿಂದಲೇ ತರುತ್ತಿದ್ದರು. ಕನ್ನಡವು ಮನೆಮನೆಯ ಕಂಪ್ಯೂಟರಿಗೆ ಬಂದುದೂ ಇದೇ ಬಾಗಿಲಿನಿಂದ. ೧೯೯೮ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ವನ್ನು ಹೊರತಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಬಂದಾಗ, ನಾವು ಯಾವ ಕಂಪನಿಯ ಅಂಗಡಿಯ ಮೊಹರನ್ನೂ ಕೇಳಲಿಲ್ಲ, ಪರಿಚಿತರಿಂದ ಸಿ.ಡಿ. ತಂದು ಹಾಕಿಕೊಂಡೆವು, ಬರೆದೆವು. ದೂರದೇಶದ ಅಂಗಡಿಕಾರನಿಗೆ ಕನ್ನಡದ ಅಗತ್ಯವು ತಿಳಿಯುವವರೆಗೂ ಕಾದಿದ್ದರೆ ಎಷ್ಟು ವರ್ಷ ಕಾಯಬೇಕಾಗುತ್ತಿತ್ತೋ!

ಆದಕಾರಣ, ಕೊಂಡ ವಸ್ತುವಿನಲ್ಲಿ ಒಂದು ಹಿತ್ತಿಲ ಬಾಗಿಲು ಇರಬೇಕೆಂಬುದು ನ್ಯಾಯವಾದ ಅಪೇಕ್ಷೆಯೆಂದೇ ನನ್ನ ಮತ. ಈ ಅಪೇಕ್ಷೆಗೆ ಕಾಲವು ಅನುಕೂಲವಾಗಿಲ್ಲವೆಂಬುದನ್ನೂ ಹೇಳಬೇಕು. ೨೦೨೨ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಗೂಗಲ್ ಸಂಸ್ಥೆಗೆ ೧,೩೩೭.೭೬ ಕೋಟಿ ರೂಪಾಯಿ ದಂಡ ವಿಧಿಸಿದಾಗ, ಸೈಡ್‌ಲೋಡಿಗೆ ಅಡ್ಡಿಮಾಡಬಾರದೆಂಬ ನಿರ್ದೇಶನವನ್ನೂ ಕೊಟ್ಟಿತ್ತು. ೨೦೨೩ರ ಮಾರ್ಚಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದು ಆ ನಿರ್ದೇಶನವನ್ನು ತೆಗೆದುಹಾಕಿತು. ೨೦೨೫ರಲ್ಲಿ ಅಮೆಜಾನ್ ಸಂಸ್ಥೆಯವರು ‘ವೇಗ’ ಎಂಬ ಹೊಸ ವ್ಯವಸ್ಥೆಯುಳ್ಳ ಒಂದು ಸ್ಟಿಕ್ಕನ್ನು ಹೊರತಂದರು. ಅದರಲ್ಲಿ ಸಾಮಾನ್ಯ ಬಳಕೆದಾರನಿಗೆ ಈ ಬಾಗಿಲೇ ಇಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಗೂಗಲ್ ಸಂಸ್ಥೆಯು, ತನ್ನಲ್ಲಿ ಗುರುತನ್ನು ದಾಖಲಿಸದವರ ಆ್ಯಪ್‌ಗಳನ್ನು ತಾನು ಪ್ರಮಾಣೀಕರಿಸಿದ ಯಂತ್ರಗಳಲ್ಲಿ ಕ್ರಮೇಣ ತಡೆಯುವುದಾಗಿ ಪ್ರಕಟಿಸಿತು. ಆಕ್ಷೇಪಣೆಗಳು ಎದ್ದ ಮೇಲೆ, ತಿಳಿದವರಿಗೆ ಒಂದು ದಾರಿಯನ್ನು ಉಳಿಸುವುದಾಗಿ ಹೇಳಿತು. ಅವರು ಕೊಡುವ ಕಾರಣ ಒಂದೇ: ನಿಮ್ಮ ಕ್ಷೇಮಕ್ಕಾಗಿ ಎಂಬುದು.

ಈ ಕಾರಣವನ್ನು ಕಪಟವೆಂದು ತಳ್ಳಿಬಿಡುವುದು ಬಹಳ ಸುಲಭ. ನಾನೂ ಹಾಗೆಯೇ ತಳ್ಳುತ್ತಿದ್ದವನು. ಕೃಷ್ಣರಾಜಪೇಟೆಯ ನನ್ನ ಮಿತ್ರರೊಬ್ಬರ ಮನೆಯ ಸಂಗತಿಯನ್ನು ಕಂಡ ಮೇಲೆ ಸ್ವಲ್ಪ ಮೆತ್ತಗಾದೆನು.

ಅವರು ನಿವೃತ್ತ ಉಪಾಧ್ಯಾಯರು. ಯಾರೋ ಹೇಳಿದರೆಂದು, ಹೆಸರಿಲ್ಲದ ಕಂಪನಿಯ ಒಂದು ಟಿ.ವಿ. ಪೆಟ್ಟಿಗೆಯನ್ನು ಅಗ್ಗದ ಬೆಲೆಗೆ ತರಿಸಿದರು. ಒಮ್ಮೆ ಕೊಂಡರೆ ಸಾಕು, ಎಲ್ಲ ಚಾನೆಲ್ಲುಗಳೂ ಎಲ್ಲ ಸಿನಿಮಾಗಳೂ ಆಜೀವ ಪುಕ್ಕಟೆಯೆಂದು ಪ್ರಚಾರ. ಸಾವಿರಾರು ಜನರು ದುಡಿದು ತೆಗೆದ ಚಿತ್ರವು ಪುಕ್ಕಟೆಯಾಗಿ ಬರುವುದಾದರೆ ಅದರ ಬೆಲೆಯನ್ನು ಯಾರೋ ತೆರುತ್ತಿರಬೇಕೆಂಬುದು ಅವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಇಂಥ ಕಡೆಗಳಲ್ಲಿ ನಮ್ಮ ಧರ್ಮಬುದ್ಧಿಯು ಕೊಂಚ ಕಣ್ಣುಮುಚ್ಚಿಕೊಳ್ಳುವುದು ವಾಡಿಕೆ. ಪೆಟ್ಟಿಗೆಯು ಮೊದಲ ದಿನವೇ ಒಂದು ಆ್ಯಪನ್ನು ಹಾಕಿಕೊಳ್ಳೆಂದಿತು. ಅದಕ್ಕಾಗಿ, ಕೇಡನ್ನು ಪತ್ತೆಮಾಡುವ ‘ಪ್ಲೇ ಪ್ರೊಟೆಕ್ಟ್’ ಎಂಬ ಕಾವಲನ್ನು ಆರಿಸೆಂದಿತು. ಆರಿಸಿದರು. ಎರಡು ತಿಂಗಳು ಸುಖವಾಗಿ ಚಿತ್ರಗಳನ್ನು ನೋಡಿದರು. ಆಮೇಲೆ ಮನೆಯ ಇಂಟರ್‌ನೆಟ್ಟು ನಿಧಾನವಾಯಿತು. ಎಲ್ಲಿ ಹೋದರೂ, “ನೀವು ಮನುಷ್ಯರೆಂಬುದನ್ನು ದೃಢಪಡಿಸಿರಿ” ಎಂಬ ಪ್ರಶ್ನೆ. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನನ್ನು ಮನುಷ್ಯನೆಂದು ಸಾಧಿಸೆನ್ನುತ್ತದಲ್ಲಾ ಎಂದು ಅವರು ನಗುತ್ತಲೇ ಹೇಳಿದರು. ಕಡೆಗೆ ಬಲ್ಲ ಹುಡುಗನೊಬ್ಬನು ನೋಡಿ, ಆ ಪೆಟ್ಟಿಗೆಯು ಹಗಲಿರುಳೂ ಯಾರ ಯಾರ ಪರವಾಗಿಯೋ ಹೊರಗಿನ ಊರುಗಳೊಡನೆ ವ್ಯವಹಾರ ನಡೆಸುತ್ತಿದೆಯೆಂದು ತಿಳಿಸಿದನು.

ಇದು ಒಂದು ಮನೆಯ ಕಥೆಯಲ್ಲ. ೨೦೨೪ರ ಸೆಪ್ಟೆಂಬರಿನಲ್ಲಿ ‘ಡಾಕ್ಟರ್ ವೆಬ್’ ಎಂಬ ಸಂಸ್ಥೆಯು, ಸುಮಾರು ೧೩ ಲಕ್ಷ ಟಿ.ವಿ. ಪೆಟ್ಟಿಗೆಗಳು ಒಂದೇ ದುಷ್ಟ ಕಾರ್ಯಕ್ರಮದ ಕೈವಶವಾಗಿರುವುದನ್ನು ವರದಿಮಾಡಿತು. ೨೦೨೫ರ ಜೂನಿನಲ್ಲಿ ಅಮೆರಿಕದ ಎಫ್.ಬಿ.ಐ. ‘ಬ್ಯಾಡ್‌ಬಾಕ್ಸ್ ೨.೦’ ಎಂಬ ಜಾಲದ ವಿಷಯವಾಗಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಆ ಜಾಲದಲ್ಲಿ ಒಂದು ಕೋಟಿಗೂ ಹೆಚ್ಚು ಯಂತ್ರಗಳು ಸಿಲುಕಿರುವುದಾಗಿ ಗೂಗಲ್ ಸಂಸ್ಥೆಯು ಮರುತಿಂಗಳು ಹೂಡಿದ ಮೊಕದ್ದಮೆಯಲ್ಲಿ ಹೇಳಿತು. ಇವುಗಳಲ್ಲಿ ಕೆಲವು ಕಾರ್ಖಾನೆಯಿಂದ ಬರುವಾಗಲೇ ಕೆಟ್ಟಿದ್ದುವು, ಕೆಲವು ಮನೆಗೆ ಬಂದ ಮೇಲೆ ಹಾಕಿಸಿಕೊಂಡ ಆ್ಯಪಿನಿಂದ ಕೆಟ್ಟುವು. ಕಳ್ಳನು ಮನೆಯ ಒಡವೆಯನ್ನು ಮುಟ್ಟದೆ, ಮನೆಯ ವಿಳಾಸವನ್ನು ಬಾಡಿಗೆಗೆ ಕೊಡುತ್ತಾನೆ. ಬೇರೊಬ್ಬ ಕಳ್ಳನು ಆ ವಿಳಾಸದಿಂದ ಮೂರನೆಯವರ ಮನೆಗೆ ಕನ್ನ ಹಾಕುತ್ತಾನೆ. ಗುರುತು ಸಿಕ್ಕುವುದು ನಮ್ಮ ಉಪಾಧ್ಯಾಯರದು.

ಅಕ್ಕನ ಎರಡನೆಯ ಪ್ರಶ್ನೆಯು ಇಲ್ಲಿ ತನ್ನ ಪೂರ್ಣ ತೂಕದೊಡನೆ ಬರುತ್ತದೆ. ವಸ್ತು ನನ್ನದು, ಹಾಳಾದರೆ ನಷ್ಟವೂ ನನ್ನದು, ಕೇಳಲು ನೀವು ಯಾರೆಂಬ ವಾದವನ್ನು ತರುಣರು ಬಹಳವಾಗಿ ಹೂಡುತ್ತಾರೆ. ನಷ್ಟವು ನನ್ನಲ್ಲಿಯೇ ನಿಲ್ಲುವುದಾಗಿದ್ದರೆ ಈ ವಾದಕ್ಕೆ ಎದುರಿಲ್ಲ. ಅದು ನಿಲ್ಲುವುದಿಲ್ಲ. ನಮ್ಮ ಸೀಮೆಯಲ್ಲಿ ನಾಲೆಯ ಬಯಲಿನ ಊರುಗಳನ್ನು ಬಲ್ಲವರು ಬಂದೀದೊಡ್ಡಿಯನ್ನೂ ಬಲ್ಲರು. ಒಬ್ಬನ ದನವು ರಾತ್ರಿ ಹಗ್ಗ ಕಿತ್ತುಕೊಂಡು ಇನ್ನೊಬ್ಬನ ಕಬ್ಬಿನ ಗದ್ದೆಗೆ ನುಗ್ಗಿದರೆ, ಗದ್ದೆಯವನು ಅದನ್ನು ಹಿಡಿದು ದೊಡ್ಡಿಗೆ ಕಟ್ಟುತ್ತಿದ್ದನು. ಬೆಳಿಗ್ಗೆ ದನದೊಡೆಯನು ಬಂದು, “ನಾನು ಬಿಟ್ಟದ್ದಲ್ಲ ಸ್ವಾಮೀ, ನಿದ್ದೆಯಲ್ಲಿದ್ದೆ, ನನಗೆ ತಿಳಿಯದು” ಎಂದರೆ, ಅದು ಸುಳ್ಳೆಂದು ಯಾರೂ ಹೇಳುತ್ತಿರಲಿಲ್ಲ. ಆದರೆ ದಂಡ ಕಟ್ಟದೆ ದನವನ್ನು ಬಿಡುತ್ತಲೂ ಇರಲಿಲ್ಲ. ತಿಳಿಯದೆ ಆದ ಕೇಡಿಗೆ ಪಾಪವಿಲ್ಲದಿರಬಹುದು, ಹೊಣೆ ಉಂಟು. ಹಗ್ಗವು ಸವೆದಿದೆಯೆ ಎಂದು ಸಂಜೆ ನೋಡಬೇಕಾಗಿದ್ದವನು ಅವನೇ ತಾನೆ? ಆ ಉಪಾಧ್ಯಾಯರು ಸಾಧುಗಳು. ಅವರನ್ನು ತಪ್ಪಿತಸ್ಥರೆಂದು ಕರೆಯುವುದಕ್ಕೆ ನನ್ನ ನಾಲಗೆ ಬಾರದು. ಆದರೂ, ಕಾವಲನ್ನು ಆರಿಸೆಂದು ಪೆಟ್ಟಿಗೆಯು ಕೇಳಿದಾಗ ಆರಿಸಿದ ಬೆರಳು ಅವರದೆಂಬುದನ್ನು ಅವರೇ ಒಪ್ಪಿಕೊಂಡರು; ಪೆಟ್ಟಿಗೆಯನ್ನು ಇನ್ನೊಬ್ಬರಿಗೆ ದಾಟಿಸದೆ ಕಿತ್ತು ಮೂಲೆಗೆ ಹಾಕಿದರು.

ಹಾಗಾದರೆ ಅಂಗಡಿಯವನೇ ಗತಿಯೆ? ಅಂಗಡಿಯ ಕಾವಲೂ ನಿದ್ದೆಹೋಗುವುದುಂಟು. ‘ಜೋಕರ್’ ಎಂಬ ವಂಚಕ ಕಾರ್ಯಕ್ರಮವು ೨೦೧೭ರಿಂದ ವೇಷ ಬದಲಾಯಿಸಿಕೊಂಡು ಗೂಗಲ್ಲಿನ ಅಂಗಡಿಯೊಳಗೇ ಮತ್ತೆ ಮತ್ತೆ ನುಸುಳಿತು. ಆ ಜಾತಿಯ ೧,೭೦೦ ಆ್ಯಪ್‌ಗಳನ್ನು ತೆಗೆದುಹಾಕಿದುದಾಗಿ ಆ ಸಂಸ್ಥೆಯೇ ೨೦೨೦ರ ಜನವರಿಯಲ್ಲಿ ಹೇಳಿತು. ಆದರೂ ಅಲ್ಲಿ ನೋಡುವವನೊಬ್ಬನು ಇದ್ದಾನೆ. ಹಿತ್ತಿಲ ಬಾಗಿಲಿನಲ್ಲಿ ಯಾರೂ ಇಲ್ಲ. ವ್ಯತ್ಯಾಸವೆಲ್ಲ ಇಷ್ಟೆ. ಹಿತ್ತಿಲ ಬಾಗಿಲನ್ನು ತೆರೆದವನು ಕಾವಲುಗಾರನನ್ನು ಸೋಲಿಸಿದನೆಂದು ತಿಳಿದಿರುತ್ತಾನೆ. ವಾಸ್ತವವಾಗಿ ಕಾವಲುಗಾರನ ಕೆಲಸವನ್ನು ತನ್ನ ಮೈಮೇಲೆ ಎಳೆದುಕೊಂಡಿರುತ್ತಾನೆ. ಆ ಕೆಲಸವನ್ನು ಮಾಡಬಲ್ಲವನಿಗೆ ಬಾಗಿಲು ಸಲ್ಲುತ್ತದೆ. ಮಾಡಲಾರದವನು ಮಾಡಬಲ್ಲವನನ್ನು ಕರೆಯಬೇಕು, ಇಲ್ಲವೆ ಅಗುಳಿ ಹಾಕಿಕೊಂಡಿರಬೇಕು.

ಆ ಕೆಲಸವು ಎಂಥದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ದೃಷ್ಟಾಂತವಿದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಮಂಡ್ಯದ ಖಜಾನೆಯಿಂದ ತಿರುವಾಭರಣದ ಪೆಟ್ಟಿಗೆಗಳು ಹೋಗುವುದನ್ನು ವಾಚಕರಲ್ಲಿ ಅನೇಕರು ನೋಡಿರಬೇಕು. ಪೆಟ್ಟಿಗೆಯು ಸರಕಾರದ ಖಜಾನೆಯಿಂದಲೇ ಬಂದಿದೆ, ಪೊಲೀಸರ ಕಾವಲಿನಲ್ಲಿ ಬಂದಿದೆ, ದಾರಿಯುದ್ದಕ್ಕೂ ಹಳ್ಳಿಗಳವರು ಪೂಜೆಮಾಡಿ ಕಳುಹಿಸಿದ್ದಾರೆ. ಇಷ್ಟಾದರೂ ದೇವಾಲಯದಲ್ಲಿ ಅದನ್ನು ಹಾಗೆಯೇ ದೇವರಿಗೆ ಮುಡಿಸಿಬಿಡುವುದಿಲ್ಲ. ಅಧಿಕಾರಿಗಳು ಮತ್ತು ಸ್ಥಾನೀಕರ ಸಮಕ್ಷಮದಲ್ಲಿ ಪಾರ್ಕಾವಣೆ ನಡೆಯುತ್ತದೆ; ಒಡವೆಗಳನ್ನು ಪರೀಕ್ಷಿಸಿ ನೋಡಿದ ಮೇಲೆಯೇ ಅರ್ಚಕರ ಕೈಗೆ ಒಪ್ಪಿಸುವುದು. ಇದರಲ್ಲಿ ಯಾರ ಮೇಲೂ ಸಂಶಯವಿಲ್ಲ. ಪ್ರತಿ ವರ್ಷವೂ ನಂಬಿಕೆಯಿಂದಲೇ ನೋಡುತ್ತಾರೆ, ನೋಡಿಯೇ ನಂಬುತ್ತಾರೆ.

ಹುಡುಗನು ಆ ದಿನ ನಾಗಮಂಗಲದಲ್ಲಿ ಮಾಡಿದುದು ಬಹುಮಟ್ಟಿಗೆ ಇದನ್ನೇ. ನಾನು ಪಕ್ಕದಲ್ಲಿ ಕುಳಿತು ಪ್ರತಿಯೊಂದನ್ನೂ ಕೇಳಿ ತಿಳಿದುಕೊಂಡೆನು, ಅವನಿಗೆ ಬೇಸರವಾಗಿರಬೇಕು. ಮೊದಲು, ಅದೇ ಕೆಲಸ ಮಾಡುವ ಬೇರೆ ಆ್ಯಪು ಅಂಗಡಿಯಲ್ಲಿ ಇದೆಯೆ ಎಂದು ಹುಡುಕಿಸಿದೆನು. ಒಂದಿತ್ತು, ಆದರೆ ಅದು ಅರ್ಧ ಗಂಟೆಗೊಮ್ಮೆ ಜಾಹೀರಾತು ಹಾಕುವುದು. ದ್ರೌಪದಿಯ ಮೊರೆಯ ನಡುವೆ ಸೋಪಿನ ಜಾಹೀರಾತು ಬೇಡವೆಂದು ಅಕ್ಕ ತೀರ್ಮಾನಿಸಿದಳು. ಆಮೇಲೆ ಅವನು ಆ ಆ್ಯಪಿನ ಕಟ್ಟನ್ನು, ಎಂದರೆ ಎ.ಪಿ.ಕೆ. ಎಂದು ಕರೆಯುವುದನ್ನು, ಬರೆದವನ ಸ್ವಂತ ಪುಟದಿಂದಲೇ ತಂದನು. ವಾಟ್ಸ್‌ಆ್ಯಪಿನಲ್ಲಿ ಮದುವೆಯ ಕರೆಯೋಲೆಯೆಂದೂ ಸಂಚಾರ ದಂಡದ ಚೀಟಿಯೆಂದೂ ಇಂಥದೇ ಕಟ್ಟುಗಳು ಬಂದು ಎಷ್ಟೋ ಜನರ ಬ್ಯಾಂಕಿನ ಹಣವನ್ನು ಬರಿದುಮಾಡಿರುವುದು ಎಲ್ಲರಿಗೂ ತಿಳಿದ ವಿಷಯ. ಕಟ್ಟಿನ ಹೆಸರು ಏನೆಂಬುದಕ್ಕಿಂತ ಯಾರ ಕೈಯಿಂದ ಬಂತೆಂಬುದು ಮುಖ್ಯ.

ಪ್ರತಿಯೊಂದು ಕಟ್ಟಿಗೂ ಅರವತ್ತನಾಲ್ಕು ಅಕ್ಷರಾಂಕಗಳ ಒಂದು ಬೆರಳಚ್ಚನ್ನು ಲೆಕ್ಕಹಾಕಿ ತೆಗೆಯಬಹುದಂತೆ. ಒಳಗೆ ಒಂದು ಚುಕ್ಕೆ ಬದಲಾದರೂ ಬೆರಳಚ್ಚು ಬೇರೆಯಾಗುತ್ತದೆ. ಬರೆದವನು ಪ್ರಕಟಿಸಿದ ಬೆರಳಚ್ಚಿಗೂ ನಮ್ಮ ಕೈಗೆ ಬಂದುದರ ಬೆರಳಚ್ಚಿಗೂ ತಾಳೆಯಾಯಿತು. ಆದರೆ ಪುಟವೇ ನಕಲಿಯಾಗಿದ್ದರೆ ಈ ತಾಳೆಯಿಂದ ಪ್ರಯೋಜನವಿಲ್ಲ. ಕಳ್ಳನ ಪಟ್ಟಿಗೂ ಕಳ್ಳನ ಮಾಲಿಗೂ ತಾಳೆಯಾಗುವುದು ಸಹಜವೇ ಅಲ್ಲವೆ? ಆದುದರಿಂದ ಪುಟದ ವಿಳಾಸವನ್ನು ಮೊದಲು ನೋಡಬೇಕು.

ಇನ್ನು ಸ್ಟಿಕ್ಕಿನ ಬಾಗಿಲನ್ನು ತೆರೆಯುವ ವಿಧಿಯು ವಿನೋದವಾಗಿದೆ. ಯಂತ್ರದ ವಿವರವಿರುವ ಜಾಗದಲ್ಲಿ ಏಳು ಬಾರಿ ಒತ್ತಬೇಕು. ಆಗ ಗುಪ್ತವಾಗಿದ್ದ ಒಂದು ಪಟ್ಟಿ ಕಾಣುತ್ತದೆ. ಸಪ್ತಪದಿಯಂತೆ ಇದೂ ಏಳಕ್ಕೆ ನಿಂತಿರುವುದರಿಂದ ಆಮೇಲಿನ ಹೊಣೆಯನ್ನು ನೆನಪಿಸುವುದಕ್ಕೆ ಇಟ್ಟಿರಬೇಕೆಂದು ನಾನೆಂದೆನು. ಅಲ್ಲಿ, ಹೊರಗಿನಿಂದ ತರಬಹುದೆಂಬ ಅನುಮತಿಯನ್ನು ಒಂದೇ ಒಂದು ಆ್ಯಪಿಗೆ ಕೊಟ್ಟು, ಕೆಲಸ ಮುಗಿದೊಡನೆ ಅದನ್ನು ಹಿಂದಕ್ಕೆ ಪಡೆದನು. ಅನೇಕರು ಮರೆಯುವುದು ಇದನ್ನೇ. ಹಿತ್ತಿಲಿನಿಂದ ಕರಿಬೇವು ತಂದವಳು ಬಾಗಿಲು ಹಾಕಿ ಬರದಿದ್ದರೆ ನಾಯಿ ನುಗ್ಗಿದುದಕ್ಕೆ ಕರಿಬೇವನ್ನು ಬೈದು ಫಲವಿಲ್ಲ. ಹೊಸ ಆ್ಯಪು ಕೇಳಿದ ಅಧಿಕಾರಗಳನ್ನೂ ಒಂದೊಂದಾಗಿ ನೋಡಿದೆವು. ಧ್ವನಿಯನ್ನು ಕೇಳಿಸುವುದಕ್ಕೆ ಬಂದವನಿಗೆ ಕಡತ ಓದುವ ಅಧಿಕಾರ ಬೇಕು, ಸರಿ. ಮೈಕಿನ ಅಧಿಕಾರವೋ ಪರದೆಯ ಮೇಲಿರುವುದನ್ನೆಲ್ಲ ಓದುವ ಅಧಿಕಾರವೋ ಬೇಕೆಂದರೆ ಆಗಲೇ ಹೊರಗೆ ಕಳುಹಿಸಬೇಕು. ಇವನು ಕೇಳಲಿಲ್ಲ.

ಇಷ್ಟು ಮಾಡಿದರೆ ಕ್ಷೇಮವೆ? ಪೂರ್ಣವಾಗಿ ಅಲ್ಲ. ಯೂಟ್ಯೂಬನ್ನು ನೋಡುವುದಕ್ಕೆ ಟಿ.ವಿ.ಗಳಲ್ಲಿ ಬಹು ಜನರು ಸೈಡ್‌ಲೋಡ್ ಮಾಡಿಕೊಂಡಿದ್ದ ‘ಸ್ಮಾರ್ಟ್‌ಟ್ಯೂಬ್’ ಎಂಬ ಆ್ಯಪಿನ ಕಥೆಯು ೨೦೨೫ರ ನವೆಂಬರಿನಲ್ಲಿ ಹೊರಬಿದ್ದಿತು. ಆ್ಯಂಡ್ರಾಯ್ಡ್ ವ್ಯವಸ್ಥೆಯಲ್ಲಿ ಒಂದು ಆ್ಯಪಿನ ಹೊಸ ಆವೃತ್ತಿಗೆ ಹಳೆಯದರ ಸಹಿಯೇ ಇರಬೇಕು. ಸಹಿ ಬೇರೆಯಾದರೆ ಯಂತ್ರವು ಅದನ್ನು ಒಳಗೆ ಬಿಡದು. ಒಳ್ಳೆಯ ನಿಯಮ. ಆದರೆ ಸಹಿಮಾಡುವ ಕೀಲಿಯೇ ಬೇರೆಯವರ ಕೈಸೇರಿ, ಅವನ ಹೆಸರಿನ ಆವೃತ್ತಿಗಳಲ್ಲಿಯೇ ಅವನು ಬರೆಯದ ಭಾಗವೊಂದು ಸೇರಿ ಹೋಗಿತ್ತು. ಮೊಹರು ನಿಜವಾದುದು, ಒತ್ತಿದ ಕೈ ಮಾತ್ರ ಅಲ್ಲ. ಅನೇಕರ ಯಂತ್ರಗಳಲ್ಲಿ ಅದನ್ನು ಹಿಡಿದು ನಿಲ್ಲಿಸಿದುದು, ನಮ್ಮ ಉಪಾಧ್ಯಾಯರು ಆರಿಸಿದ ಆ ‘ಪ್ಲೇ ಪ್ರೊಟೆಕ್ಟ್’ ಎಂಬ ಕಾವಲೇ. ಬರೆದವನು ಹಳೆಯ ಸಹಿಯನ್ನು ಕೈಬಿಟ್ಟು ಹೊಸ ಸಹಿಯಿಂದ ಆ್ಯಪನ್ನು ಮತ್ತೆ ಹೊರಡಿಸಬೇಕಾಯಿತು. ಶ್ರೀರಂಗಪಟ್ಟಣದವನಾದ ನನಗೆ ಇದನ್ನು ಕೇಳಿದಾಗ ಕೋಟೆಯ ನೆನಪಾಗದೆ ಇರಲಿಲ್ಲ. ೧೭೯೯ರ ಮೇ ೪ರಂದು ಗೋಡೆಯನ್ನು ಒಡೆದುದು ಹೊರಗಿನ ಫಿರಂಗಿ. ಆದರೆ ನಮ್ಮೂರಿನ ಜನರು ಇಂದಿಗೂ ಹೇಳಿಕೊಳ್ಳುವುದು ಒಳಗಿದ್ದ ಮೀರ್ ಸಾದಿಕನ ಕಥೆಯನ್ನು. ಗುರುತಿನ ಮನುಷ್ಯನಿಂದ ಬಂದ ಕೇಡನ್ನು ಜನರು ಬೇಗ ಮರೆಯರು.

ಈ ಮಾತನ್ನು ನಾನು ಎತ್ತಿದಾಗ ಹುಡುಗನು ಸ್ವಲ್ಪ ಸುಮ್ಮನಿದ್ದು, “ಹಾಗಾದರೆ ಹಾಕುವುದೇ ಬೇಡವೇ, ತಾತ?” ಎಂದು ಕೇಳಿದನು. ಹಾಕಬೇಡವೆನ್ನಲು ನನಗೆ ಮನಸ್ಸಾಗಲಿಲ್ಲ. ಆದರೆ ಇಷ್ಟು ಹೊತ್ತು ನನ್ನನ್ನು ಚುಚ್ಚುತ್ತಿದ್ದುದು ಏನೆಂಬುದು ಆಗ ತಿಳಿಯಿತು. ಅವನು ಮರುದಿನ ಬೆಂಗಳೂರಿಗೆ ಹೋಗುವವನು. ಬಾಗಿಲನ್ನು ತೆರೆದವನು ಅವನು, ತೆರೆದ ಮನೆಯಲ್ಲಿ ಉಳಿಯುವವಳು ಅಕ್ಕ. ಅಂಗಡಿಯಿಂದ ಬಂದುದನ್ನು ಅಂಗಡಿಯು ಕಾಲಕಾಲಕ್ಕೆ ತಾನೇ ಸರಿಪಡಿಸುತ್ತದೆ. ಹೊರಗಿನಿಂದ ತಂದುದನ್ನು ತಂದವನೇ ಬಂದು ಸರಿಪಡಿಸಬೇಕು. ಒಂದು ವರ್ಷ ಹಾಗೆಯೇ ಬಿಟ್ಟರೆ ಸವೆದ ಹಗ್ಗ. ಮನೆಯ ಹಿರಿಯರ ಫೋನಿನಲ್ಲಿ, ಟಿ.ವಿ.ಯಲ್ಲಿ ಹಬ್ಬಕ್ಕೆ ಬಂದವರೆಲ್ಲ ಏನೇನೋ ಹಾಕಿಟ್ಟು ಹೋಗುತ್ತಾರೆ. ಯಾವುದು ಏತಕ್ಕೆ ಬಂದುದೆಂದು ಆ ಹಿರಿಯರಿಗೆ ತಿಳಿಯದು, ಕೇಳಲು ಸಂಕೋಚ. ಧೈರ್ಯವು ಒಬ್ಬರದು, ಅಪಾಯವು ಇನ್ನೊಬ್ಬರದು.

ನಾನು ಇದನ್ನು ಇಷ್ಟು ಉದ್ದವಾಗಿ ಹೇಳಲಿಲ್ಲ, “ನಾಳೆ ಇದು ಕೆಟ್ಟರೆ ಅಜ್ಜಿ ಯಾರನ್ನು ಕರೆಯಬೇಕು?” ಎಂದಷ್ಟೇ ಕೇಳಿದೆನು.

ಹುಡುಗನು ಎದ್ದು ಮೊಳೆಗೆ ತೂಗಿಹಾಕಿದ್ದ ಒಂಟಿಕೊಪ್ಪಲ್ ಪಂಚಾಂಗವನ್ನು ತಂದನು. ಅದರ ರಟ್ಟಿನ ಒಳಬದಿಯಲ್ಲಿ ಆ್ಯಪಿನ ಹೆಸರು, ಯಾವ ಪುಟದಿಂದ ತಂದುದು, ತಂದ ತಾರೀಖು, ಬೆರಳಚ್ಚಿನ ಮೊದಲ ಮತ್ತು ಕೊನೆಯ ಎಂಟು ಅಕ್ಷರಗಳು, ಇವಿಷ್ಟನ್ನೂ ದಪ್ಪ ಅಕ್ಷರದಲ್ಲಿ ಬರೆದನು. ಕೆಳಗೆ ತನ್ನ ಫೋನಿನ ಸಂಖ್ಯೆ, ಅದರ ಕೆಳಗೆ ಸೈಬರ್ ವಂಚನೆಗೆ ದೂರುಕೊಡುವ ೧೯೩೦. ಆಮೇಲೆ ಸ್ಟಿಕ್ಕಿನ ಖಾತೆಯಲ್ಲಿ ಸೇರಿಸಿದ್ದ ಬ್ಯಾಂಕಿನ ಕಾರ್ಡನ್ನು ತೆಗೆದುಹಾಕಿದನು. ಯುಗಾದಿಗೆ ಹೊಸ ಪಂಚಾಂಗ ಬರುತ್ತದಲ್ಲಾ ಎಂದು ಅಕ್ಕ ಹೇಳಿದಳು. “ಯುಗಾದಿಗೆ ಬರುತ್ತೇನೆ ಅಜ್ಜಿ. ಇದನ್ನೂ ಹೊಸದು ಮಾಡಿ, ಹೊಸ ಪಂಚಾಂಗದಲ್ಲಿ ಬರೆದು ಹೋಗುತ್ತೇನೆ” ಎಂದನು.

ಆ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಅವನು ಗುಂಡಿಯನ್ನು ಒತ್ತಿದನು. ಭಾವನವರು ಗಂಟಲು ಸರಿಮಾಡಿಕೊಂಡ ಸದ್ದು ಮೊದಲು ಕೇಳಿಸಿತು. ಅಕ್ಕ ಸೆರಗನ್ನು ಹೊದ್ದು, ಟಿ.ವಿ.ಯ ಕಡೆಗೆ ನೋಡದೆ, ಅವರು ಕುಳಿತುಕೊಳ್ಳುತ್ತಿದ್ದ ಕಂಬದ ಕಡೆಗೆ ತಿರುಗಿ ಕುಳಿತಳು.